ಮೈಮೇಲೆ ದೇವರು ಬರುವ ಸಂಪ್ರದಾಯ (ಗೋಕಾಕ–ಮೂಡಲಗಿ–ಹುಕ್ಕೇರಿ ಸೀಮೆ)

ಮೈಮೇಲೆ ದೇವರು ಬರುವುದು: ದೇವತೆ, ಮಡಿದ ಹಿರಿಯ ಅಥವಾ ಬೇರೊಂದು ಶಕ್ತಿ ಮನುಷ್ಯನ ಮೈಯನ್ನು ಸ್ವಲ್ಪ ಹೊತ್ತು ಹೊಕ್ಕು, ಅವನ ಬಾಯಿಂದ ಮಾತಾಡುತ್ತದೆ ಎಂಬ ನಂಬಿಕೆ ಮತ್ತು ಅದರ ಸುತ್ತ ಬೆಳೆದ ಆಚರಣೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಇದಕ್ಕೆ ‘ಮೈಯಾಗ ಬರೂದು’, ‘ಮೈದುಂಬೂದು’ ಎನ್ನುತ್ತಾರೆ. ಹೀಗೆ ಬಂದ ದೇವರ ಮಾತು ‘ಹೇಳಿಕೆ’ ಅಥವಾ ‘ನುಡಿ’. ವರ್ಷದ ಮಳೆ–ಬೆಳೆಯ ಭವಿಷ್ಯ ಹೇಳುವ ನುಡಿಗೆ ಮರಾಠಿ ಗಡಿಯ ಊರುಗಳಲ್ಲಿ ‘ಭಾಕಣೂಕ’ ಎಂದೂ ತುಂಗಭದ್ರೆಯ ಕಡೆ ‘ಕಾರಣಿಕ’ ಎಂದೂ ಹೆಸರು. 19ನೆಯ ಶತಮಾನದಲ್ಲಿ ಅಮೆರಿಕ, ಯುರೋಪುಗಳಲ್ಲಿ ಹಬ್ಬಿದ ಸ್ಪಿರಿಚುವಲಿಸಂ ಚಳವಳಿಯ ‘ಮೀಡಿಯಂ’ಗಳೊಂದಿಗೆ ಈ ಸಂಪ್ರದಾಯವನ್ನು ಹೋಲಿಸುವುದುಂಟು. ಮೀಡಿಯಂ ಸತ್ತ ನಂಟರನ್ನು ಮುಚ್ಚಿದ ಕೋಣೆಗೆ ಕರೆಯುತ್ತಿದ್ದಳು. ಈ ಸೀಮೆಯ ಪೂಜಾರಿ ಡೊಳ್ಳಿನ ಸಪ್ಪಳದಲ್ಲಿ, ಊರವರ ಎದುರಿಗೆ, ಊರ ದೇವರಿಗೆ ಬಾಯಾಗುತ್ತಾನೆ.

ಹಿನ್ನೆಲೆ

ಘಟಪ್ರಭೆಯ ದಂಡೆಯ ಈ ಸೀಮೆಯಲ್ಲಿ ಎರಡು ಧಾರ್ಮಿಕ ಧಾರೆಗಳು ಅಕ್ಕಪಕ್ಕದಲ್ಲೇ ಹರಿದಿವೆ. ಮೂಡಲಗಿಯ ಶಿವಬೋಧರಂಗ ಮಠ, ಅರಭಾವಿಯ ದುರದುಂಡೀಶ್ವರ ಮಠದಂಥ ಗುರುಪರಂಪರೆಗಳು ಒಂದು ಕಡೆ. ಅಲ್ಲಿ ಗುರುವಿನ ಉಪದೇಶಕ್ಕೆ ಬೆಲೆ. ಇನ್ನೊಂದು ಕಡೆ ದ್ಯಾಮವ್ವ, ದುರ್ಗವ್ವ, ಲಕ್ಷ್ಮೀದೇವಿ, ಬೀರದೇವರು, ಎಲ್ಲಮ್ಮ, ಮಾಯಕ್ಕರ ಗುಡಿಗಳು. ಅಲ್ಲಿ ದೇವರು ತಾನೇ ಬಂದು ಮಾತಾಡಬೇಕು. ಒಂದೇ ಮನೆಯವರು ಮಠಕ್ಕೂ ನಡೆದುಕೊಳ್ಳುತ್ತಾರೆ, ಹೇಳಿಕೆಗೂ ಹೋಗುತ್ತಾರೆ. 12ನೆಯ ಶತಮಾನದ ಶರಣರು ಕ್ಷುದ್ರ ದೈವಗಳ ಆರಾಧನೆಯನ್ನು ಕಟುವಾಗಿ ಟೀಕಿಸಿದ್ದರು. ಲಿಂಗಾಯತರು ಹೆಚ್ಚಿರುವ ಈ ಭಾಗದಲ್ಲೂ ಗ್ರಾಮದೇವತೆಯ ಜಾತ್ರೆ ಮಾತ್ರ ನಿಲ್ಲಲಿಲ್ಲ.

ಸೀಮೆಯ ಜನರ ಹರಕೆಯ ದಾರಿ ತಾಲ್ಲೂಕಿನ ಗಡಿಗೆ ಮುಗಿಯುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ, ಅಥಣಿ ತಾಲ್ಲೂಕಿನ ಕೋಕಟನೂರ ಎಲ್ಲಮ್ಮ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕ ಈ ಜನರ ದೊಡ್ಡ ಕ್ಷೇತ್ರಗಳು. ಈ ಜಾತ್ರೆಗಳಿಗೆ ಮಹಾರಾಷ್ಟ್ರದಿಂದಲೂ ಅಷ್ಟೇ ಜನ ಬರುವುದರಿಂದ ಹಾಡು, ‘ಉಧೋ’ ಎಂಬ ಜಯಘೋಷ, ಹೇಳಿಕೆಗಳಲ್ಲಿ ಕನ್ನಡ–ಮರಾಠಿ ಎರಡೂ ಕೇಳುತ್ತವೆ.

ದೇವರು, ಹಿರಿಯರು, ಗಾಳಿ

ಮೈಮೇಲೆ ಬರುವ ಶಕ್ತಿಗಳಲ್ಲಿ ಜನ ಸ್ಪಷ್ಟವಾಗಿ ಮೂರು ಬಗೆ ಮಾಡುತ್ತಾರೆ. ಮೊದಲನೆಯದು ದೇವರು, ಅದನ್ನು ಬರಮಾಡಿಕೊಳ್ಳುತ್ತಾರೆ. ಎರಡನೆಯದು ಮನೆತನದ ಹಿರಿಯರು. ಎಡೆ ತಪ್ಪಿದಾಗ, ಹರಕೆ ಮರೆತಾಗ ಬಂದು ನೆನಪಿಸುತ್ತಾರೆ ಎಂಬ ನಂಬಿಕೆ. ಮೂರನೆಯದು ದೆವ್ವ, ಗಾಳಿ, ಪೀಡೆ, ಅದನ್ನು ಬಿಡಿಸಬೇಕು. ದೇವರು ಬಂದವರಿಗೆ ಕೈಮುಗಿಯುತ್ತಾರೆ, ಗಾಳಿ ಸೋಂಕಿದವರನ್ನು ಗುಡಿಗೆ ಕರೆದೊಯ್ಯುತ್ತಾರೆ. ಮೊದಲ ಸಲ ಮೈ ನಡುಗಿದಾಗ ಬಂದದ್ದು ದೇವರೋ ಗಾಳಿಯೋ ಎಂದು ತೀರ್ಮಾನಿಸುವವನು ಹಳೆಯ ಪೂಜಾರಿ. ‘ಯಾರು ನೀ? ಯಾಕ ಬಂದೀ?’ ಎಂದು ಕೇಳಿ, ಹೆಸರು ಹೇಳಿಸಿ, ಭಂಡಾರ (ಅರಿಸಿನ ಪುಡಿ) ಹಚ್ಚಿ ಪರೀಕ್ಷೆ ಮಾಡುತ್ತಾನೆ. ಈ ತೀರ್ಮಾನದ ಮೇಲೆಯೇ ಆ ವ್ಯಕ್ತಿಗೆ ಊರಲ್ಲಿ ಗೌರವ ಸಿಗುತ್ತದೋ ಉಪಚಾರ ಸಿಗುತ್ತದೋ ಎಂಬುದು ನಿಂತಿರುತ್ತದೆ.

ಹೇಳಿಕೆಯ ಕ್ರಮ

ಹೇಳಿಕೆಗೆ ಸಾಮಾನ್ಯವಾಗಿ ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಹುಣ್ಣಿಮೆಗಳೇ ದಿನ. ಪೂಜಾರಿ ಉಪವಾಸವಿದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ದೇವರ ಮುಂದೆ ಕೂಡುತ್ತಾನೆ. ಊದು, ಕರ್ಪೂರದ ಹೊಗೆ ಏಳುತ್ತದೆ. ಬೀರದೇವರ ಗುಡಿಯಾದರೆ ಡೊಳ್ಳು, ಎಲ್ಲಮ್ಮನದಾದರೆ ಚೌಡಿಕೆ ಎಂಬ ತಂತಿವಾದ್ಯ. ಬಡಿತ ನಿಧಾನವಾಗಿ ಶುರುವಾಗಿ ಬಿರುಸಾಗುತ್ತದೆ; ಪೂಜಾರಿಯ ತೊಡೆ ಮೊದಲು ನಡುಗುತ್ತದೆ, ಆಮೇಲೆ ಹೆಗಲು, ಕೊನೆಗೆ ತಲೆ. ಒಂದು ಕೂಗು ಹೊರಟ ಕೂಡಲೇ ಸುತ್ತಲಿನವರು ಭಂಡಾರ ಹಾರಿಸುತ್ತಾರೆ, ವಾದ್ಯ ನಿಲ್ಲುತ್ತದೆ. ಆಗ ಭಕ್ತರು ಒಬ್ಬೊಬ್ಬರಾಗಿ ಕೇಳುತ್ತಾರೆ: ಬೋರ್‌ಗೆ ನೀರು ಬೀಳತೈತೋ ಇಲ್ಲೋ, ಮಗಳ ಲಗ್ನ ಯಾಕ ಕೂಡವಲ್ದು, ಎಮ್ಮಿ ಯಾಕ ಹಾಲ ಬಿಟ್ಟೈತಿ. ದೇವರ ಉತ್ತರ ಗದರಿಕೆಯ ದನಿಯಲ್ಲಿ, ಏಕವಚನದಲ್ಲಿ, ತುಂಡು ಮಾತುಗಳಲ್ಲಿ ಬರುತ್ತದೆ. ಪಕ್ಕದಲ್ಲಿ ನಿಂತ ಹಿರಿಯನೊಬ್ಬ ಅದನ್ನು ಬಿಡಿಸಿ ಹೇಳುತ್ತಾನೆ. ಕೈಗೆ ಚಿಟಿಕೆ ಭಂಡಾರ, ಕೆಲವೊಮ್ಮೆ ನಿಂಬೆಹಣ್ಣು ಸಿಗುತ್ತದೆ. ಆರತಿ ಎತ್ತಿ ನೀರು ಚಿಮುಕಿಸಿದ ಮೇಲೆ ದೇವರು ‘ಇಳಿಯುತ್ತದೆ’. ತಾನು ಏನು ನುಡಿದೆ ಎಂಬುದು ನೆನಪಿಲ್ಲ ಎಂದೇ ಪೂಜಾರಿ ಹೇಳುತ್ತಾನೆ. ಆ ಮರೆವೇ ಮಾತು ತನ್ನದಲ್ಲ ಎಂಬುದಕ್ಕೆ ಸಾಕ್ಷಿ ಎಂದು ಭಕ್ತರ ಎಣಿಕೆ.

ಮಾತೇ ಇಲ್ಲದ ಕ್ರಮವೂ ಇದೆ. ‘ಹೂ ಕೇಳುವುದು’ ಎಂದರೆ ಮೂರ್ತಿಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ನಿರಾಕರಣೆ ಎಂದು ತಿಳಿಯುವುದು. ಪೂಜಾರಿಯ ಬಾಯಿಯ ಮೇಲೆ ಅನುಮಾನ ಬಂದಾಗ ಹೂವಿನ ಮೊರೆ ಹೋಗುವುದುಂಟು.

ಮೊಹರಂನಲ್ಲಿಯೂ ಇಂಥದೇ ದೃಶ್ಯ ಕಾಣುತ್ತದೆ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಪಂಜಾ (ಹಸ್ತದಾಕಾರದ ಲಾಂಛನ) ಹೊತ್ತವರ ಮೈಮೇಲೆ ‘ಅಲಾಯಿ ದೇವರು’ ಬಂದು ಹೇಳಿಕೆ ಆಗುತ್ತದೆ. ಕೇಳಲು ನಿಂತವರಲ್ಲಿ ಹಿಂದೂಗಳೂ ಇರುತ್ತಾರೆ.

ಹಾಲುಮತದ ನುಡಿ

ಕುರುಬರ ಹಾಲುಮತ ಪರಂಪರೆಯಲ್ಲಿ ನುಡಿ ವರ್ಷಕ್ಕೊಮ್ಮೆಯ ಸಾರ್ವಜನಿಕ ಘಟನೆ. ಹುಕ್ಕೇರಿಯ ನೆರೆಯ ನಿಪ್ಪಾಣಿ ತಾಲ್ಲೂಕಿನ ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥ ಜಾತ್ರೆಯ ಭಾಕಣೂಕ ಗಡಿಯ ಎರಡೂ ಬದಿಗಳಲ್ಲಿ ಪ್ರಸಿದ್ಧ. ಮಳೆ, ಬೆಳೆ, ರೋಗ, ರಾಜಕಾರಣ, ದೇಶಗಳ ನಡುವಿನ ಯುದ್ಧದವರೆಗೆ ಅದರಲ್ಲಿ ಮಾತು ಬರುತ್ತದೆ. ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೋಡೋಲಿಯ ವಿಠ್ಠಲ–ಬೀರದೇವ ಜಾತ್ರೆಗೆ ಸೊಲ್ಲಾಪುರ ಜಿಲ್ಲೆಯ ಅಂಜನಗಾಂವದಿಂದ ‘ಫರಾಂಡೆ ಬಾಬಾ’ ಎಂಬ ಪಟ್ಟದವರು ಕಾಲ್ನಡಿಗೆಯಲ್ಲಿ ಬಂದು, ಖಡ್ಗ ಹಿಡಿದು ಹೇಡಂ ಎಂಬ ಕುಣಿತ ಆಡಿ, ಭಾಕಣೂಕ ನುಡಿಯುತ್ತಾರೆ. ಬೆಳಗಾವಿ ಜಿಲ್ಲೆಯ ಕುರುಬರು ಅಲ್ಲಿಗೆ ತಂಡ ಕಟ್ಟಿಕೊಂಡು ಹೋಗುತ್ತಾರೆ.

ಭಾಕಣೂಕದ ಕನ್ನಡ ರೂಪ ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ (ಮೈಲಾರ ದೇವರ ಸೇವಕ) ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಒಂದೇ ಒಂದು ಒಗಟಿನ ವಾಕ್ಯ ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ವಾಕ್ಯಕ್ಕೆ ರೈತ ಮಳೆಯ ಅರ್ಥ, ವ್ಯಾಪಾರಿ ಧಾರಣೆಯ ಅರ್ಥ, ರಾಜಕಾರಣಿ ಕುರ್ಚಿಯ ಅರ್ಥ ಹಚ್ಚುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಇದೇ ಬಗೆಯ ಕಾರಣಿಕ ಮಹಾನವಮಿಯಲ್ಲಿ ನಡೆಯುತ್ತದೆ.

ಎಲ್ಲಮ್ಮನ ಜೋಗತಿಯರು

ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ದೇವರ ಬಾಯಾಗುವ ಅವಕಾಶ ಹೆಚ್ಚಾಗಿ ದೊರೆತದ್ದು ಎಲ್ಲಮ್ಮನ ಹೆಸರಿನಲ್ಲಿ. ಕೂದಲು ತಾನಾಗಿ ಹೆಣೆದು ಜಡೆಗಟ್ಟಿದರೆ ಅಮ್ಮ ಕರೆದಳು ಎಂದು ತಿಳಿಯುತ್ತಿದ್ದರು. ಆಕೆಗೆ ಮುತ್ತು (ದೇವಿಗೆ ಅರ್ಪಿತಳೆಂಬ ಗುರುತಿನ ಮಣಿ) ಕಟ್ಟಿ ಜೋಗತಿಯಾಗಿ ಬಿಡುತ್ತಿದ್ದರು. ಗಂಡುಮಕ್ಕಳಲ್ಲಿ ಸೀರೆ ಉಟ್ಟು ಸೇವೆಗೆ ನಿಲ್ಲುವವರು ಜೋಗಪ್ಪಗಳು. ತಲೆಯ ಮೇಲೆ ಕೊಡ ಅಥವಾ ಜಗ (ದೇವಿಯ ಮೂರ್ತಿಯಿರುವ ಬುಟ್ಟಿ) ಹೊತ್ತು, ಚೌಡಿಕೆಯ ಪದ ಹಾಡುತ್ತ ಮನೆಮನೆಗೆ ಹೋಗುವ ಜೋಗತಿ ಪರಡಿ (ಎಡೆಯ ಬುಟ್ಟಿ) ತುಂಬುವ ಶಾಸ್ತ್ರ ಮಾಡಿಸುತ್ತಾಳೆ, ಹರಕೆ ನೆನಪಿಸುತ್ತಾಳೆ, ಮೈದುಂಬಿದಾಗ ಅಮ್ಮನಾಗಿ ಮಾತಾಡುತ್ತಾಳೆ. ಆ ಹೊತ್ತಿನಲ್ಲಿ ದಲಿತ ಕೇರಿಯ ಹೆಂಗಸಿನ ಎದುರು ಊರ ಗೌಡನೂ ತಲೆಬಾಗಬೇಕಿತ್ತು. ಮಾರನೆಯ ದಿನ ಅವಳ ಸ್ಥಾನ ಮತ್ತೆ ಕೇರಿಯಲ್ಲೇ.

ಈ ಪದ್ಧತಿಯೊಳಗೆ ದೊಡ್ಡ ಶೋಷಣೆಯೂ ಅಡಗಿತ್ತು. ಎಳೆಯ ಹುಡುಗಿಯರಿಗೆ, ಹೆಚ್ಚಾಗಿ ದಲಿತ ಮನೆಗಳವರಿಗೆ, ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಅನೇಕರ ಪಾಲಿಗೆ ಅದು ಲೈಂಗಿಕ ಶೋಷಣೆಯ, ಬಡತನದ ದಾರಿಯಾಯಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದರ ವಿರುದ್ಧ ಕಾಯ್ದೆಗಳಾದವು. ಕಾರ್ಯಕರ್ತರು ಹಳ್ಳಿಗಳಲ್ಲಿ ಜಡೆ ಕತ್ತರಿಸುವ, ಅದು ಎಣ್ಣೆ–ನೀರು ಕಾಣದ ಕೂದಲಿನ ಗಂಟು ಎಂದು ತಿಳಿಹೇಳುವ ಕೆಲಸ ಮಾಡಿದರು. ಜೋಗತಿ ಕುಣಿತ ಮಾತ್ರ ರಂಗಕಲೆಯಾಗಿ ಬೇರೆ ಬಾಳು ಕಂಡಿತು. ಅದರ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಕರಾವಳಿಯ ಹೋಲಿಕೆ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಇದೇ ನಂಬಿಕೆ ಭೂತಕೋಲ, ನೇಮ, ತೆಯ್ಯಂಗಳಾಗಿ ಬೆಳೆದಿದೆ. ಅಲ್ಲಿ ಪಾತ್ರಿಯ (ದೈವ ಮೈಮೇಲೆ ಬರುವವನ) ದರ್ಶನದಲ್ಲಿ ಜಮೀನು, ಮನೆತನದ ವ್ಯಾಜ್ಯಗಳಿಗೂ ದೈವ ತೀರ್ಪು ಹೇಳುತ್ತದೆ. ಸಿರಿ ಎಂಬ ದೈವದ ಜಾತ್ರೆಗಳಲ್ಲಿ ನೂರಾರು ಹೆಂಗಸರು ಒಟ್ಟಿಗೇ ಮೈದುಂಬುತ್ತಾರೆ. ಅಂಥ ಜಾತ್ರೆಗಳಲ್ಲಿ ಮುಂದಾಳಾಗಿದ್ದ ಗೋಪಾಲ ನಾಯ್ಕ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಕರಾವಳಿಯ ವಿದ್ವಾಂಸರೊಂದಿಗೆ ಸೇರಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಬಯಲುಸೀಮೆಯ ಹೇಳಿಕೆಗೆ ಇಷ್ಟು ದೊಡ್ಡ ವೇಷ, ಬಣ್ಣಗಳಿಲ್ಲ. ಭಂಡಾರ, ಕಂಬಳಿ, ಡೊಳ್ಳುಗಳಲ್ಲೇ ಅದು ಮುಗಿಯುತ್ತದೆ.

ಸ್ಪಿರಿಚುವಲಿಸಂ ಮತ್ತು ಪ್ಲಾಂಚೆಟ್

ಪಶ್ಚಿಮದ ಚಳವಳಿಗೆ 1848ರ ಮಾರ್ಚ್ 31 ಹುಟ್ಟಿದ ದಿನ ಎಂದು ಎಣಿಸುತ್ತಾರೆ. ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬಲ್ಲಿ ಫಾಕ್ಸ್ ಮನೆತನದ ಹುಡುಗಿಯರು ಗೋಡೆಯ ಮೇಲಿನ ಬಡಿತಗಳ ಮೂಲಕ ಸತ್ತವನೊಬ್ಬನ ಆತ್ಮ ಉತ್ತರ ಕೊಡುತ್ತದೆ ಎಂದರು. 1857ರಲ್ಲಿ ಫ್ರಾನ್ಸಿನ ಅಲನ್ ಕಾರ್ಡೆಕ್ ಆತ್ಮಗಳ ಕುರಿತ ಗ್ರಂಥ ಬರೆದು ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. 1853ರಷ್ಟು ಹಿಂದೆಯೇ ವಿಜ್ಞಾನಿ ಮೈಕೆಲ್ ಫ್ಯಾರಡೆ, ತಾನಾಗಿ ತಿರುಗುವ ಮೇಜನ್ನು ಸುತ್ತ ಕುಳಿತವರ ಕೈಗಳೇ ಅರಿವಿಲ್ಲದೆ ತಳ್ಳುತ್ತವೆ ಎಂದು ಪ್ರಯೋಗದಿಂದ ತೋರಿಸಿದ್ದರು. 1888ರಲ್ಲಿ ಮಾರ್ಗರೆಟ್ ಫಾಕ್ಸ್ ಆ ಬಡಿತ ತನ್ನ ಕಾಲ್ಬೆರಳ ಕೀಲಿನ ಸದ್ದು ಎಂದು ಒಪ್ಪಿಕೊಂಡರು, ಮರುವರ್ಷ ಆ ತಪ್ಪೊಪ್ಪಿಗೆಯನ್ನು ಹಿಂದೆಗೆದುಕೊಂಡರು.

ಭಾರತಕ್ಕೆ ಈ ಗಾಳಿ ಬಂದದ್ದು ಬಹುಮಟ್ಟಿಗೆ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಜತೆ. 1875ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಕಟ್ಟಿದವರಲ್ಲಿ ಮುಖ್ಯರಾದ ಬ್ಲಾವಟ್ಸ್ಕಿ ಮತ್ತು ಆಲ್ಕಾಟ್ 1879ರಲ್ಲಿ ಮುಂಬಯಿಗೆ ಬಂದರು. 1882ರಲ್ಲಿ ಅವರ ಕೇಂದ್ರ ಮದ್ರಾಸಿನ ಅಡಯಾರಿಗೆ ಹೋಯಿತು. ಮೀಡಿಯಂ ಬಾಯಿಂದ ಮಾತಾಡುವವರು ಸತ್ತವರೇ ಎಂಬುದನ್ನು ಬ್ಲಾವಟ್ಸ್ಕಿ ಒಪ್ಪುತ್ತಿರಲಿಲ್ಲ. ಕನ್ನಡ ನಾಡಿನಲ್ಲಿ ಥಿಯಾಸಫಿ ಗ್ರಂಥಾಲಯ, ಉಪನ್ಯಾಸಗಳ ರೂಪದಲ್ಲೇ ಬೇರೂರಿತು, ಥಿಯಾಸಫಿಸ್ಟ್ ಬಿ.ಪಿ. ವಾಡಿಯಾ 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದರು. ಆತ್ಮಗಳನ್ನು ಕರೆಯುವ ಪ್ಲಾಂಚೆಟ್ ಮಾತ್ರ ಪೇಟೆಯ ಮನೆಗಳಿಗೆ, ಹಾಸ್ಟೆಲು ಕೋಣೆಗಳಿಗೆ ಬಂತು: ಹಾಳೆಯ ಮೇಲೆ ಅಕ್ಷರ ಬರೆದು, ನಾಣ್ಯದ ಮೇಲೆ ಬೆರಳಿಟ್ಟು ಪರೀಕ್ಷೆಯ ಫಲಿತಾಂಶ ಕೇಳುವ ಆಟವಾಗಿ ಉಳಿಯಿತು. ಜಾತ್ರೆ, ಜಾತಿ, ವಾದ್ಯ, ಪಟ್ಟ ಯಾವುದೂ ಇಲ್ಲದ್ದರಿಂದ ಹಳ್ಳಿಯಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ.

ಅಧ್ಯಯನ ಮತ್ತು ಸಾಹಿತ್ಯ

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯಲ್ಲಿ ಬೆಳಗಾವಿ ಸಂಪುಟ 1884ರಲ್ಲಿ ಬಂತು. ದೆವ್ವ–ಪೀಡೆಗಳ ಭಯವೇ ಬಹುಪಾಲು ಆಚರಣೆಗಳ ಬೇರು ಎಂಬ ವಾದವನ್ನೂ ಕ್ಯಾಂಪ್‌ಬೆಲ್ ಮುಂದಿಟ್ಟರು. ಜರ್ಮನಿಯ ಗುಂಥರ್ ಸೊಂಥೈಮರ್ 1970ರ ದಶಕದಲ್ಲಿ ಬೀರೋಬ (ಬೀರದೇವರು), ಖಂಡೋಬ (ಮೈಲಾರ) ದೇವರ ಕುರಿತು ಬರೆದು, ಕುರಿಗಾರರ ವಲಸೆ ಮತ್ತು ದೇವರ ನುಡಿಗಿರುವ ನಂಟನ್ನು ಬಿಡಿಸಿದರು. ಎಲ್ಲಮ್ಮನ ಪಂಥದ ಮೇಲೆ ಜಾಕಿ ಅಸ್ಸಾಯಾಗ್ (1992), ಲುಸಿಂಡಾ ರ‍್ಯಾಂಬರ್ಗ್ (2014) ಅವರ ಗ್ರಂಥಗಳಿವೆ. ಮೈದುಂಬುವಿಕೆ ಅಂಚಿನಲ್ಲಿರುವವರಿಗೆ, ಅದರಲ್ಲೂ ಹೆಂಗಸರಿಗೆ, ಬಾಯಿ ಕೊಡುತ್ತದೆ ಎಂಬ ವಾದ ಐ.ಎಂ. ಲೂಯಿಸ್ ಅವರ 1971ರ ಪುಸ್ತಕದಿಂದ ಹೆಸರಾಯಿತು. ಮನೋವೈದ್ಯಶಾಸ್ತ್ರ ಧಾರ್ಮಿಕ ಆಚರಣೆಯ ಚೌಕಟ್ಟಿನಲ್ಲಿ, ಇಚ್ಛೆಯಿಂದ ಆಗುವ ಮೈದುಂಬುವಿಕೆಯನ್ನು ರೋಗವೆಂದು ಕರೆಯುವುದಿಲ್ಲ. ಅದು ಇಚ್ಛೆ ಮೀರಿ ಮರುಕಳಿಸಿ, ಸಂಕಟ ಕೊಟ್ಟು, ಬದುಕು ಕೆಡಿಸಿದಾಗ ಚಿಕಿತ್ಸೆ ಬೇಕು ಎನ್ನುತ್ತದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಲೋಕವನ್ನು ಸಾಹಿತ್ಯಕ್ಕೆ ತಂದವರಲ್ಲಿ ಮುಖ್ಯರು. ಅವರ ‘ಕರಿಮಾಯಿ’ (1975) ಗ್ರಾಮದೇವತೆಯೊಬ್ಬಳ ಸುತ್ತ ಹೆಣೆದ ಕಾದಂಬರಿ. 1985ರ ‘ಕನ್ನಡ ಜಾನಪದ ವಿಶ್ವಕೋಶ’ದ ಸಂಪಾದಕರೂ ಅವರೇ.

ಟೀಕೆ ಮತ್ತು ಕಾನೂನು

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಮಹಾರಾಷ್ಟ್ರ 2013ರಲ್ಲಿ ಅಮಾನವೀಯ, ದುಷ್ಟ ಆಚರಣೆಗಳ ವಿರುದ್ಧ ಕಾಯ್ದೆ ತಂದಿತು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ಪ್ರತಿಬಂಧ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ದೆವ್ವ–ಮಾಟದ ಹೆಸರು ಹೇಳಿ ಭಯ ಹುಟ್ಟಿಸುವುದು ಅದರ ಪ್ರಕಾರ ಅಪರಾಧ. ಶಿಕ್ಷೆ 1ರಿಂದ 7 ವರ್ಷದವರೆಗೆ ಸೆರೆವಾಸ.

ಗೋಕಾಕದವರೇ ಆದ, ಹುಕ್ಕೇರಿ ಸೀಮೆಯ ಯಮಕನಮರಡಿ ಕ್ಷೇತ್ರದ ಶಾಸಕ ಸತೀಶ ಜಾರಕಿಹೊಳಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣ ದಿನ, ಬೆಳಗಾವಿಯ ಸ್ಮಶಾನದಲ್ಲಿ ರಾತ್ರಿ ಕಳೆದು ದೆವ್ವದ ಭಯಕ್ಕೆ ಸವಾಲು ಹಾಕಿದರು. ಅವರು ಕಟ್ಟಿದ ಮಾನವ ಬಂಧುತ್ವ ವೇದಿಕೆ ಆ ಬಳಿಕವೂ ಅದೇ ದಿನ ಸ್ಮಶಾನದಲ್ಲಿ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಹೇಳಿಕೆ, ಭಾಕಣೂಕ, ಕಾರಣಿಕಗಳು ಈಗಲೂ ವರ್ಷವರ್ಷ ನಡೆಯುತ್ತವೆ. ಕೇಳುವವರ ಪ್ರಶ್ನೆಗಳಲ್ಲಿ ಎಮ್ಮೆ, ಬೋರ್‌ವೆಲ್‌ಗಳ ಜತೆಗೆ ನೌಕರಿ, ಚುನಾವಣೆಗಳೂ ಸೇರಿವೆ.