ಬಿಸಿಗಾಳಿಯ ಭಾರ: ಇಂಟರ್‌ಕೂಲರ್ ವಿಮಾನದಿಂದ ಕಾರಿಗೆ ಬಂದ ಬಗೆ

ಪೆಟ್ರೋಲ್ ಎಂಜಿನ್ನಿನ ಶಕ್ತಿ ನಿಂತಿರುವುದು ಅದು ಒಳಗೆಳೆದುಕೊಳ್ಳುವ ಗಾಳಿಯ ತೂಕದ ಮೇಲೆ. ಇಂಧನವನ್ನು ಎಷ್ಟು ಬೇಕಾದರೂ ಸಿಂಪಡಿಸಬಹುದು, ಆದರೆ ಅದನ್ನು ಉರಿಸುವ ಆಮ್ಲಜನಕ ಸಿಲಿಂಡರಿನಲ್ಲಿ ಹಿಡಿಸುವಷ್ಟೇ ಹಿಡಿಸುತ್ತದೆ. ಗಾಳಿ ಬಿಸಿಯಾದಂತೆ ಹಿಗ್ಗಿ ಹಗುರಾಗುವುದರಿಂದ, ಸಾಧಾರಣ ಹವೆಯಲ್ಲಿ 3 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದರ ಸಾಂದ್ರತೆ ಸುಮಾರು ಶೇಕಡ 1ರಷ್ಟು ಇಳಿಯುತ್ತದೆ, ಎಂಜಿನ್ನಿನ ಬಲವೂ ಅದನ್ನೇ ಹಿಂಬಾಲಿಸುತ್ತದೆ. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಮತ್ತು ಹೊಗೆಯ ರಭಸದಿಂದಲೇ ತಿರುಗಿ ಅದೇ ಕೆಲಸ ಮಾಡುವ ಟರ್ಬೋಚಾರ್ಜರ್ ಈ ಕೊರತೆಯನ್ನು ನೀಗಿಸಲೆಂದೇ ಹುಟ್ಟಿದವಾದರೂ, ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಒತ್ತಿದ ಗಾಳಿ ಕಾಯುವುದನ್ನು ಅವು ತಪ್ಪಿಸಲಾರವು. 15 ಡಿಗ್ರಿಯ ಗಾಳಿಯನ್ನು ಶೇಕಡ 70 ದಕ್ಷತೆಯ ಸಂಪೀಡಕವೊಂದು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 105 ಡಿಗ್ರಿಯಾಗಿ ಹೊರಬೀಳುತ್ತದೆ. ಅದನ್ನು ಒತ್ತಡ ಕೆಡಿಸದೆ 45 ಡಿಗ್ರಿಗೆ ಇಳಿಸಬಲ್ಲ ಉಪಕರಣವಿದ್ದರೆ ಅದೇ ಸಿಲಿಂಡರಿಗೆ ಶೇಕಡ 18ಕ್ಕೂ ಹೆಚ್ಚು ಗಾಳಿ ಸೇರುತ್ತದೆ. ಒತ್ತಿದ ಗಾಳಿಯ ಕಾವನ್ನು ಹೊರಗಿನ ಗಾಳಿಗೋ ನೀರಿಗೋ ದಾಟಿಸುವ ಆ ರೇಡಿಯೇಟರೇ ಇಂಟರ್‌ಕೂಲರ್. ಅದರ ತತ್ತ್ವದಲ್ಲಿ ತೊಡಕೇನೂ ಇಲ್ಲ. ತೊಡಕಿದ್ದುದು ಅದನ್ನು ಎಲ್ಲಿ ಕೂರಿಸುವುದು ಎಂಬುದರಲ್ಲಿ, ಮತ್ತು ಅದರ ಇತಿಹಾಸ ಬಹುಮಟ್ಟಿಗೆ ಆ ಜಾಗದ ಹುಡುಕಾಟವೇ ಆಗಿದೆ.

ಈ ಹುಡುಕಾಟ ಮೊದಲಾದದ್ದು ಕಾರಿನಲ್ಲಲ್ಲ, ಗಾಳಿ ತೆಳುವಾಗಿರುವ ಎತ್ತರಗಳಲ್ಲಿ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್, ಅಮೆರಿಕದ ಕೊಲೊರಾಡೊದಲ್ಲಿ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಲಿಬರ್ಟಿ ವಿಮಾನ ಎಂಜಿನ್ನನ್ನು ಸಾಗಿಸಿ ಅಲ್ಲಿ ಪರೀಕ್ಷಿಸಿದರು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಕುಸಿದು, ಟರ್ಬೋ ಜೋಡಿಸಿದಾಗ 356ಕ್ಕೆ ಏರಿತು. ಮುಂದಿನ ಎರಡು ದಶಕಗಳಲ್ಲಿ ವಿಮಾನಗಳು ಇನ್ನೂ ಮೇಲೇರಿ, ಗಾಳಿಯನ್ನು ಇನ್ನಷ್ಟು ಒತ್ತಬೇಕಾಗಿ ಬಂದಂತೆ, ಅದನ್ನು ತಣಿಸುವುದು ಅನಿವಾರ್ಯವಾಯಿತು. ಏಕೆಂದರೆ ಬಿಸಿಗಾಳಿ ಹಗುರಾಗಿರುವುದಷ್ಟೇ ಅಲ್ಲ, ಇಂಧನದೊಡನೆ ಬೆರೆತಾಗ ಮಿಶ್ರಣದ ಒಂದು ಭಾಗ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುವಂತೆ ಮಾಡುತ್ತದೆ. ನಾಕಿಂಗ್ ಎಂದು ಕರೆಯುವ ಈ ಸಿಡಿತ ಪಿಸ್ಟನ್ನನ್ನೇ ತೂತು ಮಾಡಬಲ್ಲದು.

ಲಾಕ್‌ಹೀಡ್ ಪಿ-38 ವಿಮಾನದ ಕತೆ ಈ ಜಾಗದ ಸಮಸ್ಯೆಯನ್ನು ಬೇರಾವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅದರ ವಿನ್ಯಾಸಕರು ರೆಕ್ಕೆಯ ಮುಂಚೂಣಿಯ ಅಂಚನ್ನೇ ಟೊಳ್ಳಾಗಿಸಿ, ಒತ್ತಿದ ಗಾಳಿಯನ್ನು ಅದರೊಳಗೆ ಹರಿಸಿ, ಲೋಹದ ಹೊದಿಕೆಯ ಮೂಲಕವೇ ತಣಿಯುವಂತೆ ಏರ್ಪಡಿಸಿದ್ದರು. ಹೆಚ್ಚುವರಿ ಗಾಳಿತಡೆಯೇ ಇಲ್ಲದ ಸುಂದರ ಉಪಾಯವದು. ಆದರೆ ಎಂಜಿನ್ನುಗಳ ಬಲ ಹೆಚ್ಚಿದಾಗ ರೆಕ್ಕೆಯ ಅಂಚನ್ನು ಹಿಗ್ಗಿಸುವಂತಿರಲಿಲ್ಲವಾಗಿ, ಎಂಜಿನ್ ಕೊಡಬಲ್ಲ ಪೂರ್ಣಶಕ್ತಿಯನ್ನು ಬಳಸಲಾಗದ ಸ್ಥಿತಿ ಉಂಟಾಯಿತು. 1943ರ ಜೆ ಮಾದರಿಯಲ್ಲಿ ಎಂಜಿನ್ನುಗಳ ಗದ್ದದ ಕೆಳಗೆ ಪ್ರತ್ಯೇಕ ಇಂಟರ್‌ಕೂಲರುಗಳು ಬಂದವು, ತೆರವಾದ ರೆಕ್ಕೆಯ ಅಂಚಿಗೆ ಇಂಧನದ ಟ್ಯಾಂಕುಗಳನ್ನು ಕೂರಿಸಲಾಯಿತು. ಇಂಥದೇ ಏರ್ಪಾಡಿನ ಯಂತ್ರಗಳು ಕರ್ನಾಟಕಕ್ಕೂ ಬಂದಿದ್ದವು: ಎರಡನೆಯ ಮಹಾಯುದ್ಧದ ನಂತರ ಕಾನ್ಪುರದಲ್ಲಿ ಕೈಬಿಟ್ಟಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಒಪ್ಪಿಸಿತು, ಮತ್ತು ಟರ್ಬೋ ಹಾಗೂ ಇಂಟರ್‌ಕೂಲರ್ ಹೊತ್ತ ಆ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು.

ಬ್ರಿಟನ್ನಿನ ರೋಲ್ಸ್ ರಾಯ್ಸ್ ಎಂಜಿನಿಯರುಗಳು ಹಿಡಿದದ್ದು ನೀರಿನ ದಾರಿ. ಸ್ಟ್ಯಾನ್ಲಿ ಹೂಕರ್ ರೂಪಿಸಿದ ಎರಡು ಹಂತಗಳ ಸೂಪರ್‌ಚಾರ್ಜರನ್ನು ಹೊತ್ತ ಮರ್ಲಿನ್ 61 ಎಂಜಿನ್ನಿನಲ್ಲಿ, ಒತ್ತಿದ ಗಾಳಿಯ ಕಾವನ್ನು ದ್ರವವೊಂದು ಹೀರಿ ರೆಕ್ಕೆಯಡಿಯ ರೇಡಿಯೇಟರಿಗೆ ಒಯ್ಯುತ್ತಿತ್ತು. 1942ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಒಂಬತ್ತನೆಯ ಮಾದರಿ ಎತ್ತರದ ಕಾಳಗದಲ್ಲಿ ಜರ್ಮನಿಯ ಫೋಕ್-ವುಲ್ಫ್ 190ಕ್ಕೆ ಸರಿಸಾಟಿಯಾದುದರ ಹಿಂದೆ ಈ ಏರ್ಪಾಡಿದೆ. ಅಷ್ಟೇ ಗಮನಾರ್ಹವಾದದ್ದು ಕಾರ್ಬ್ಯುರೇಟರಿನ ವಿಷಯದಲ್ಲಿ ಅವರು ತಳೆದ ನಿಲುವು. ಜರ್ಮನರಂತೆ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸದೆ ಸೂಪರ್‌ಚಾರ್ಜರಿನ ಮುಂದೆಯೇ ಬೆರೆಸಿದರೆ, ಅದು ಆವಿಯಾಗುವಾಗ ಹೀರುವ ಉಷ್ಣದಿಂದ ಗಾಳಿ ಸುಮಾರು 25 ಡಿಗ್ರಿ ತಣಿಯುತ್ತದೆಂಬುದು ಅವರ ಲೆಕ್ಕಾಚಾರವಾಗಿತ್ತು.

ಆವಿಯಾಗುವ ದ್ರವದಿಂದ ತಣಿಸುವ ಈ ವಿಧಾನವನ್ನು ಓಟದ ಕಾರುಗಳು ಅದಕ್ಕೂ ಮೊದಲೇ ಬಲ್ಲವಾಗಿದ್ದವು. 1930ರ ದಶಕದ ಮರ್ಸಿಡಿಸ್ ಗ್ರ್ಯಾನ್ ಪ್ರಿ ಕಾರುಗಳು ಮೆಥನಾಲ್ ಬೆರೆತ ಇಂಧನವನ್ನು ಧಾರಾಳವಾಗಿ ಕುಡಿಯುತ್ತಿದ್ದವು. ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಉಷ್ಣವನ್ನು ಹೀರುವ ಮೆಥನಾಲ್ ಅಲ್ಲಿ ಇಂಧನವೂ ಆಗಿತ್ತು, ತಣಿಸುವ ಸಾಧನವೂ ಆಗಿತ್ತು. ರಸ್ತೆಯ ಕಾರಿಗೆ ಆ ಅದ್ದೂರಿತನ ಸಲ್ಲದು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಪ್ರತ್ಯೇಕ ತೊಟ್ಟಿಯಿಂದ ಸಿಂಪಡಿಸಿ 3.5 ಲೀಟರಿನ ಎಂಜಿನ್ನಿನಿಂದ 215 ಅಶ್ವಶಕ್ತಿ ತೆಗೆಯಿತಾದರೂ, ತೊಟ್ಟಿಯನ್ನು ತುಂಬುತ್ತಿರುವ ಹೊಣೆ ಮಾಲೀಕರ ಮೇಲೆ ಬಿದ್ದು, ಅನೇಕರು ಅದನ್ನು ಮರೆತದ್ದರಿಂದ, ಎರಡೇ ವರ್ಷಗಳಲ್ಲಿ ಆ ಮಾದರಿ ನಿಂತುಹೋಯಿತು. ಯಂತ್ರದಲ್ಲಿದ್ದುದು ದೊಡ್ಡ ಕಲ್ಪನೆ. ದಿನಬಳಕೆಯ ಅಭ್ಯಾಸಗಳಿಗೆ ಅದು ಒಗ್ಗಲಿಲ್ಲ ಎಂದಷ್ಟೇ ಹೇಳಬೇಕು.

ಕಾರಿನಲ್ಲಿ ಇಂಟರ್‌ಕೂಲರ್ ಬೇರೂರಿದ ಬಗೆಯನ್ನು ಪೋರ್ಷೆಯ ಅನುಭವದಲ್ಲಿ ಹಂತಹಂತವಾಗಿ ಗುರುತಿಸಬಹುದು. 1973ರಲ್ಲಿ ಉತ್ತರ ಅಮೆರಿಕದ ಕ್ಯಾನ್-ಆಮ್ ಓಟಗಳನ್ನು ಆಳಿದ 917/30 ಕಾರು, ಸುಮಾರು 1,100 ಅಶ್ವಶಕ್ತಿಯಿದ್ದರೂ ಇಂಟರ್‌ಕೂಲರ್ ಇಲ್ಲದೆಯೇ ಗೆಲ್ಲುತ್ತಿತ್ತು, ಏಕೆಂದರೆ ತಿರುವುಗಳಿರುವ ಹಾದಿಯಲ್ಲಿ ಚಾಲಕ ಆಕ್ಸಿಲರೇಟರನ್ನು ಮತ್ತೆ ಮತ್ತೆ ಬಿಡುವಾಗ ಎಂಜಿನ್ನಿಗೆ ಉಸಿರು ತಿರುಗುತ್ತಿತ್ತು. 1975ರಲ್ಲಿ ಚಾಲಕ ಮಾರ್ಕ್ ಡೊನಹ್ಯೂ ಅದೇ ಕಾರಿನಲ್ಲಿ ವೇಗದ ದಾಖಲೆಗೆ ಹೊರಟಾಗ, ಬಿಡುವಿಲ್ಲದ ಪೂರ್ಣ ಒತ್ತಡವನ್ನು ತಾಳಲೆಂದು ಇಂಟರ್‌ಕೂಲರುಗಳನ್ನು ಅಳವಡಿಸಲಾಯಿತು. ಅಮೆರಿಕದ ಟ್ಯಾಲಡೆಗಾ ಓಟದ ಹಾದಿಯಲ್ಲಿ ಗಂಟೆಗೆ 355 ಕಿಲೋಮೀಟರಿಗೂ ಮೀರಿದ ಸರಾಸರಿ ವೇಗ ಸಾಧ್ಯವಾಯಿತು. ರಸ್ತೆಯ 911 ಟರ್ಬೋ ಮೊದಲು 3 ಲೀಟರ್ ಎಂಜಿನ್ನಿನಿಂದ 260 ಅಶ್ವಶಕ್ತಿ ಕೊಡುತ್ತಿದ್ದು, ಇಂಟರ್‌ಕೂಲರ್ ಪಡೆದ 1978ರ ಮಾದರಿಯಲ್ಲಿ 300ಕ್ಕೆ ಏರಿತು. ಎಂಜಿನ್ 3.3 ಲೀಟರಿಗೆ ಹಿಗ್ಗಿದ್ದರಿಂದ ಈ ಏರಿಕೆಯೆಲ್ಲ ತಂಪುಗಾಳಿಯದೇ ಎನ್ನಲಾಗದು. ಆದರೆ ಹಿಂಬದಿಯ ಎಂಜಿನ್ನಿನ ಮೇಲೆ ಇಂಟರ್‌ಕೂಲರ್ ಕೂರಿಸಲು ಹಿಂದಿನ ರೆಕ್ಕೆಯ ಆಕಾರವನ್ನೇ ಬದಲಿಸಿದ್ದು, ಕಾರಿನ ಹೊರರೂಪವನ್ನು ಶಾಖ ತಿದ್ದಿದ ಸ್ಪಷ್ಟ ನಿದರ್ಶನ. ಸುಬಾರು ಇಂಪ್ರೆಜಾದ ಬಾನೆಟ್ ಮೇಲಿನ ಗಾಳಿಬಾಯಿಯೂ ಇದೇ ಬಗೆಯದು: ಅದರಡಿಯಲ್ಲಿ ಎಂಜಿನ್ನಿನ ನೆತ್ತಿಯ ಮೇಲೆ ಇಂಟರ್‌ಕೂಲರ್ ಇದ್ದು, ಕೊಳವೆಗಳು ಗಿಡ್ಡವಾಗುವ ಲಾಭದ ಜೊತೆಗೆ, ಕಾರು ನಿಂತಾಗ ಕೆಳಗಿನ ಕಾವನ್ನು ತಾನೇ ಹೀರುವ ದೋಷವೂ ಇದೆ.

ಗಾಳಿ ತಣ್ಣಗಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಹೋಂಡಾ 1988ರಲ್ಲಿ ತಿದ್ದಿತು. ಫಾರ್ಮುಲಾ ಒನ್ ನಿಯಮಗಳು ಆ ವರ್ಷ ಟರ್ಬೋ ಕಾರುಗಳಿಗೆ 150 ಲೀಟರ್ ಇಂಧನದ ಮಿತಿ ಹಾಕಿದ್ದವು. ಟಾಲುಯೀನ್ ಎಂಬ ರಾಸಾಯನಿಕ ಹೆಚ್ಚಿದ್ದ ಭಾರದ ಇಂಧನ ಸುಲಭವಾಗಿ ಆವಿಯಾಗುತ್ತಿರಲಿಲ್ಲವಾದ್ದರಿಂದ, ಇಂಟರ್‌ಕೂಲರನ್ನು ತಪ್ಪಿಸಿ ಗಾಳಿ ಹೋಗಲು ಬಿಡುವ ಕವಾಟದ ಮೂಲಕ ಅದನ್ನು ಬೇಕೆಂದೇ ಸುಮಾರು 70 ಡಿಗ್ರಿಯಲ್ಲಿ ಇರಿಸಿ, ಉರಿತವನ್ನು ಸುಧಾರಿಸಿ ಇಂಧನ ಉಳಿಸಲಾಯಿತು. ಆ ಎಂಜಿನ್ ಹೊತ್ತ ಮೆಕ್ಲಾರೆನ್ 16 ಓಟಗಳಲ್ಲಿ 15ನ್ನು ಗೆದ್ದಿತು.

ಹಳೆಯ ದಾರಿಗಳು ಮುಚ್ಚಿಹೋಗಲಿಲ್ಲ. 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್ ನೀರು ಸಿಂಪಡಿಸುವ ವಿಧಾನವನ್ನು ಮರಳಿ ತಂದು 500 ಅಶ್ವಶಕ್ತಿ ಮುಟ್ಟಿತು. 2018ರ ಡಾಡ್ಜ್ ಡೀಮನ್, ಪ್ರಯಾಣಿಕರ ಏಸಿಯ ಶೀತಕವನ್ನೇ ಎಂಜಿನ್ನಿನತ್ತ ತಿರುಗಿಸಿ, ಸೂಪರ್‌ಚಾರ್ಜರಿನ ಇಂಟರ್‌ಕೂಲರಿಗೆ ಹರಿಯುವ ದ್ರವವನ್ನು ತಣಿಸುವ ವ್ಯವಸ್ಥೆ ಹೊಂದಿತ್ತು. ಒಂದು ಓಟ ಮುಗಿದು ಎಂಜಿನ್ ಆರಿದ ಮೇಲೂ ಅದರ ಫ್ಯಾನು ಮತ್ತು ಪಂಪು ಮುಂದಿನ ಓಟಕ್ಕಾಗಿ ಕೆಲಸ ಮುಂದುವರಿಸುತ್ತಿದ್ದವು.