ಬನಹಟ್ಟಿಯಿಂದ ಹೈಕೋರ್ಟಿನವರೆಗೆ: ಕ್ರಿಮಿನಲ್ ಅಪೀಲು ಮತ್ತು ವಕೀಲರ ನೆರವು

ಬನಹಟ್ಟಿ ಮತ್ತು ರಬಕವಿ ಒಂದಕ್ಕೊಂದು ಹತ್ತಿಕೊಂಡಿರುವ ನೇಕಾರರ ಊರುಗಳು. ಆದರೂ ಸಂಸ್ಥಾನಗಳ ಕಾಲದಲ್ಲಿ ಬನಹಟ್ಟಿಯು ಜಮಖಂಡಿಗೂ ರಬಕವಿಯು ಸಾಂಗಲಿಗೂ ಸೇರಿದ್ದವು. ಶಿಕ್ಷೆ ಹೊಂದಿದ ಇಬ್ಬರು ನೆರೆಹೊರೆಯವರು ಇಬ್ಬರು ದೊರೆಗಳ ನ್ಯಾಯಾಸನಗಳತ್ತ ಮುಖ ಮಾಡಬೇಕಾಗಿತ್ತು. ಜಮಖಂಡಿಯ ಪಟವರ್ಧನ ದೊರೆಗೆ ತನ್ನ ಪ್ರಜೆಗಳನ್ನು ಮರಣದಂಡನೆಯ ಅಪರಾಧಗಳಿಗಾಗಿಯೂ ವಿಚಾರಿಸುವ ಅಧಿಕಾರವಿದ್ದಿತು. 1948ರ ಮಾರ್ಚ್ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಲು ಬನಹಟ್ಟಿಯವನ ಹೈಕೋರ್ಟು ಮುಂಬಯಿಯಲ್ಲಾಯಿತು. 1956ರ ನವೆಂಬರ್ 1ರಂದು ಅದು ಬೆಂಗಳೂರಿಗೆ ಹೋಯಿತು. ದೊರೆಯ ಬಾಗಿಲು ಹತ್ತಿರವಿತ್ತು, ಹಕ್ಕು ಇರಲಿಲ್ಲ. ಹಕ್ಕು ಬಂದಾಗ ಬಾಗಿಲು ಸುಮಾರು ಐದುನೂರು ಕಿಲೋಮೀಟರುಗಳಾಚೆ ಇದ್ದಿತು.

ಆ ಹಕ್ಕಾದರೂ ಎಷ್ಟರದು? 1898ರ ದಂಡಪ್ರಕ್ರಿಯಾ ಸಂಹಿತೆಯ 340ನೆಯ ಕಲಮು ಆರೋಪಿಯು ವಕೀಲರ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳಬಹುದೆಂದು ಹೇಳಿತು. ವಕೀಲರ ಶುಲ್ಕವನ್ನು ಯಾರು ಕೊಡಬೇಕೆಂಬುದನ್ನು ಹೇಳಲಿಲ್ಲ. ಅದಕ್ಕಿಂತಲೂ ಗಮನಾರ್ಹವಾದುದು 421ನೆಯ ಕಲಮು. ತಾನಾಗಿ ಅಥವಾ ವಕೀಲರ ಮುಖಾಂತರ ನ್ಯಾಯಾಲಯಕ್ಕೆ ಬಂದು ಸಲ್ಲಿಸಿದ ಅಪೀಲನ್ನು, ಅಪೀಲುದಾರನಿಗೆ ಅಥವಾ ಅವನ ವಕೀಲರಿಗೆ ವಾದಿಸಲು ಅವಕಾಶ ಕೊಡದೆ ತಳ್ಳಿಹಾಕುವಂತಿರಲಿಲ್ಲ. ಆದರೆ ಜೈಲಿನ ಅಧಿಕಾರಿಯ ಮೂಲಕ ಕಳುಹಿಸಿದ ಅರ್ಜಿಗೆ ಈ ರಕ್ಷಣೆ ಇರಲಿಲ್ಲ. ಕಾಗದಪತ್ರಗಳನ್ನು ನೋಡಿ, ಯಾರ ಮಾತನ್ನೂ ಕೇಳದೆ ಅದನ್ನು ವಜಾ ಮಾಡಬಹುದಾಗಿತ್ತು. ಹೀಗೆ ವಕೀಲರ ಅವಶ್ಯಕತೆ ಯಾವನಿಗೆ ಅತ್ಯಧಿಕವೋ ಅವನಿಗೇ ಅತ್ಯಲ್ಪ ರಕ್ಷಣೆ ದೊರಕಿತು. ಇದನ್ನು ಕೇವಲ ಕರಡು ಬರೆದವರ ಅಜಾಗ್ರತೆಯೆನ್ನಲು ನಾವು ಒಪ್ಪಲಾರೆವು.

1973ರ ಸಂಹಿತೆಯ 384ನೆಯ ಕಲಮು ಈ ದೋಷವನ್ನು ಬಹುಮಟ್ಟಿಗೆ ತಿದ್ದಿತು. ಜೈಲಿನಿಂದ ಬಂದ ಅಪೀಲನ್ನೂ, ಅದು ನಿಸ್ಸಾರವೆಂದು ತೋರದಿದ್ದರೆ ಮತ್ತು ಬಂದಿಯನ್ನು ಕರೆತರುವುದು ಪ್ರಕರಣಕ್ಕೆ ಮೀರಿದ ತೊಂದರೆಯಾಗದಿದ್ದರೆ, ಕೇಳಿಯೇ ತೀರ್ಮಾನಿಸಬೇಕಾಯಿತು. ಆದರೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸುವ 304ನೆಯ ಕಲಮು ಸೆಷನ್ಸ್ ವಿಚಾರಣೆಯನ್ನು ಕುರಿತದ್ದು. ಅಪೀಲಿನ ಬಗ್ಗೆ ಅದು ಮೌನವಾಗಿತ್ತು.

ಆ ಮೌನವನ್ನು ಮುರಿದದ್ದು 1978ರ ಹೊಸ್ಕೋಟ ಪ್ರಕರಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೋಟಾ ಮುದ್ರೆಯನ್ನು ಮಾಡಿಸಹೊರಟ ಆಪಾದನೆ ಅದರ ಮೂಲ. ಅಪೀಲುದಾರನು ಬಡವನೂ ಅಲ್ಲ, ಓದು ಬಾರದವನೂ ಅಲ್ಲ. ಸೆಷನ್ಸ್ ನ್ಯಾಯಾಲಯವು ವಿಧಿಸಿದ ಅತ್ಯಲ್ಪ ಶಿಕ್ಷೆಯನ್ನು ಮುಂಬಯಿ ಹೈಕೋರ್ಟು 1973ರಲ್ಲಿ ಮೂರು ವರ್ಷಕ್ಕೆ ಏರಿಸಿತು. ತೀರ್ಪಿನ ನಕಲು ತನಗೆ ಜೈಲಿನಲ್ಲಿ ತಲುಪಲಿಲ್ಲವೆಂದು ಅವನು ಬಹುಕಾಲದ ಮೇಲೆ ಸುಪ್ರೀಂ ಕೋರ್ಟಿಗೆ ಬಂದನು. ಅರ್ಜಿ ವಜಾ ಆಯಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ತೀರ್ಪಿನ ನಕಲನ್ನು ಬಂದಿಗೆ ಸಕಾಲದಲ್ಲಿ ಬಿಟ್ಟಿಯಾಗಿ ಕೊಡಬೇಕೆಂದೂ, ನೆರವಿಲ್ಲದೆ ಅಪೀಲು ಹೂಡಲಾರದವನಿಗೆ ವಕೀಲರನ್ನು ನೇಮಿಸಬೇಕೆಂದೂ ಸಂವಿಧಾನದ 21 ಮತ್ತು 39ಎ ವಿಧಿಗಳನ್ನಾಧರಿಸಿ ಸಾರಿದರು. ಸೋತ ಅರ್ಜಿಯೊಂದರಿಂದ ಸಾವಿರಾರು ಬಂದಿಗಳು ಗೆದ್ದ ಅಪರೂಪದ ಸಂದರ್ಭವಿದು. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಬಂಧನದಲ್ಲಿರುವವನ ಆದಾಯವನ್ನು ನೋಡದೆಯೇ ಅವನನ್ನು ನೆರವಿಗೆ ಅರ್ಹನೆಂದಿತು.

2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಗೆ ಹೈಕೋರ್ಟು ಒಂದು ದಿನದಲ್ಲಿ ಹೋಗಿ ಬರುವಷ್ಟು ಸಮೀಪವಾಯಿತು.

ಆದರೆ ನೇಮಕವಾದ ವಕೀಲರು ಹಾಜರಾಗದಿದ್ದರೆ? ಕರ್ನಾಟಕದಿಂದಲೇ ಹೋದ ಕೆ. ಎಸ್. ಪಾಂಡುರಂಗ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ವಕೀಲರ ಗೈರುಹಾಜರಿಯಲ್ಲಿಯೂ ದಾಖಲೆಗಳನ್ನು ಪರಿಶೀಲಿಸಿ ಅಪೀಲನ್ನು ಗುಣಾವಗುಣಗಳ ಮೇಲೆ ತೀರ್ಮಾನಿಸಬಹುದೆಂದಿತು. ಅಪೀಲುದಾರನು ಜೈಲಿನಲ್ಲಿದ್ದರೆ ಮುಂದೂಡುವುದು ಉಚಿತ, ಸರ್ಕಾರದ ವೆಚ್ಚದಲ್ಲಿ ಬೇರೊಬ್ಬರನ್ನು ನೇಮಿಸಲು ಅಡ್ಡಿಯಿಲ್ಲ ಎಂದೂ ಸೇರಿಸಿತು. ಉಚಿತವೆಂಬುದಕ್ಕೂ ಕಡ್ಡಾಯವೆಂಬುದಕ್ಕೂ ಇರುವ ಅಂತರವನ್ನು ನಾವು ಚಿಕ್ಕದೆಂದು ಎಣಿಸುವುದಿಲ್ಲ. 421ನೆಯ ಕಲಮಿನ ಕಾಲದಲ್ಲಿ ಜೈಲಿನ ಅರ್ಜಿಯು ಸಿಕ್ಕಿಬಿದ್ದದ್ದು ಇಂಥದೇ ಒಂದು ಅಂತರದಲ್ಲಿ.