ಅವಲಂಬಿತ ವೀಸಾ

ಅವಲಂಬಿತ ವೀಸಾ: ವಿದೇಶದಲ್ಲಿ ಉದ್ಯೋಗದಲ್ಲಿರುವವರ ಪತ್ನಿ ಅಥವಾ ಪತಿಗೆ ಹಾಗೂ ಮಕ್ಕಳಿಗೆ ಆ ದೇಶ ನೀಡುವ ವಾಸದ ಅನುಮತಿ. ಇದರ ಮೇಲೆ ನೆಲೆಸಬಹುದು, ಓದಬಹುದು. ಆದರೆ ಹಲವು ದೇಶಗಳಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಆಡುಮಾತಿನಲ್ಲಿ ‘ಡಿಪೆಂಡೆಂಟ್ ವೀಸಾ’. ಕೊಲ್ಲಿ ದೇಶಗಳ ಕನ್ನಡಿಗರಿಗೆ ‘ಫ್ಯಾಮಿಲಿ ವೀಸಾ’. ಕರ್ನಾಟಕದಿಂದ ಸಂಸಾರ ಸಮೇತ ಹೊರಟವರ ಇತಿಹಾಸದಲ್ಲಿ ಅಮೆರಿಕದ ಎಚ್-4 ವೀಸಾಕ್ಕೆ ಪ್ರಮುಖ ಸ್ಥಾನವಿದೆ.

ಹಿನ್ನೆಲೆ: ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ ತಾತ್ಕಾಲಿಕ ಕೆಲಸಗಾರರಿಗಾಗಿ ‘ಎಚ್’ ವರ್ಗವನ್ನು ರೂಪಿಸಿತು. ಅವರ ಕುಟುಂಬಕ್ಕೆ ಕಾನೂನಿನ ಜಾಗ ಸಿಕ್ಕಿದ್ದು 1970ರ ತಿದ್ದುಪಡಿಯಿಂದ. ಪತ್ನಿ ಅಥವಾ ಪತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಎಚ್-4 ವರ್ಗಕ್ಕೆ ಸೇರಿದರು. 1965ರ ವಲಸೆ ಕಾಯ್ದೆಯ ನಂತರ ಹೋದ ವೈದ್ಯರು, ಎಂಜಿನಿಯರುಗಳಲ್ಲಿ ಅನೇಕರು ಕಾಯಂ ವಾಸದ ಹಕ್ಕು ಪಡೆದೇ ನೆಲೆಸಿದ್ದರಿಂದ ಆ ತಲೆಮಾರನ್ನು ಈ ವೀಸಾ ಅಷ್ಟಾಗಿ ಬಾಧಿಸಲಿಲ್ಲ.

ಸಾಫ್ಟ್‌ವೇರ್ ಯುಗ: 1990ರ ಕಾಯ್ದೆ ಪರಿಣತ ಕೆಲಸಗಾರರ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000 ಎಂಬ ಮಿತಿ ಹಾಕಿತು. ಸಾಫ್ಟ್‌ವೇರ್ ಉದ್ಯಮದ ಬೇಡಿಕೆಯಿಂದ 1999ಕ್ಕೆ ಅದು 1,15,000ಕ್ಕೂ 2001ರಿಂದ ಮೂರು ವರ್ಷಗಳ ಮಟ್ಟಿಗೆ 1,95,000ಕ್ಕೂ ಏರಿತು. ಬೆಂಗಳೂರಿನ ಕಂಪನಿಗಳಿಂದ ಹೊರಟ ಎಂಜಿನಿಯರುಗಳ ಬೆನ್ನಿಗೇ ಅವರ ಸಂಸಾರಗಳೂ ಹೊರಟವು. ಪದವೀಧರೆಯರಾದ ಎಷ್ಟೋ ಹೆಂಗಸರು ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೋದರು. ಆಗ ಎಚ್-4ರ ಮೇಲೆ ಅವರು ಅಲ್ಲಿ ದುಡಿಯುವಂತಿರಲಿಲ್ಲ. ದುಡಿಯುವ ಅನುಮತಿ ಇಲ್ಲದವರಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ದೊರೆಯುವುದಿಲ್ಲ. ತಂದೆತಾಯಿಗೆ ಎಚ್-4 ವರ್ಗದಲ್ಲಿ ಜಾಗವಿಲ್ಲ; ಮಗಳ ಬಾಣಂತನಕ್ಕೆಂದು ಹೋಗುವ ತಾಯಿ ಸಂದರ್ಶಕ ವೀಸಾದ ಮೇಲೆ ಹೋಗಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಮರಳಬೇಕು.

ಎಚ್-1ಬಿ ಅವಧಿ ಮೂಲತಃ ಆರು ವರ್ಷ. ಗ್ರೀನ್ ಕಾರ್ಡಿನ, ಅಂದರೆ ಕಾಯಂ ವಾಸದ ಹಕ್ಕಿನ, ಸರದಿಯಲ್ಲಿರುವವರಿಗೆ ಅದನ್ನು ವಿಸ್ತರಿಸಲು 2000ದ ಕಾಯ್ದೆ ಅವಕಾಶ ನೀಡಿತು. ಒಂದೇ ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಸಿಗದ ನಿಯಮದಿಂದ ಭಾರತೀಯರ ಸರದಿ ದಶಕ ದಾಟಿತು; ಹೆಂಡತಿಯ ನಿರುದ್ಯೋಗವೂ ಅಷ್ಟೇ ಲಂಬಿಸಿತು. ತಂದೆಯ ಸರದಿ ಬರುವ ಮುನ್ನ 21 ತುಂಬಿದ ಮಕ್ಕಳು ಎಚ್-4 ಕಳೆದುಕೊಂಡು ವಿದ್ಯಾರ್ಥಿ ವೀಸಾದಂಥ ಬೇರೆ ದಾರಿ ಹುಡುಕಬೇಕಾಯಿತು.

ದುಡಿಯುವ ಹಕ್ಕು: ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಹೋದವರ ಪತ್ನಿ ಅಥವಾ ಪತಿಗೆ 2002ರಲ್ಲೇ ದುಡಿಯುವ ಅವಕಾಶ ದೊರೆಯಿತು. ಎಚ್-4ರವರು 2015ರವರೆಗೆ ಕಾದರು. ಆ ವರ್ಷ ಮೇ 26ರಂದು ಜಾರಿಗೆ ಬಂದ ನಿಯಮ, ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ನಿರ್ದಿಷ್ಟ ಹಂತ ಮುಟ್ಟಿದವರ ಪತ್ನಿ ಅಥವಾ ಪತಿಗೆ ಉದ್ಯೋಗದ ಅನುಮತಿ ಕೊಟ್ಟಿತು. ಇದರ ಫಲ ಪಡೆದವರಲ್ಲಿ ಬಹುಪಾಲು ಭಾರತೀಯ ಮಹಿಳೆಯರು. ‘ಸೇವ್ ಜಾಬ್ಸ್ ಯುಎಸ್ಎ’ ಸಂಘಟನೆ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನಿಯಮ ರದ್ದತಿಗೆ ಟ್ರಂಪ್ ಅವರ ಮೊದಲ ಆಡಳಿತ ನಡೆಸಿದ ಪ್ರಯತ್ನವನ್ನು ಬೈಡನ್ ಆಡಳಿತ 2021ರಲ್ಲಿ ಕೈಬಿಟ್ಟಿತು. 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಕೊಲ್ಲಿ ದೇಶಗಳು: ಕರಾವಳಿಯವರು ಹೆಚ್ಚಾಗಿ ಹೋಗುವ ಕೊಲ್ಲಿಯಲ್ಲಿ ಕುಟುಂಬ ಕರೆಸಿಕೊಳ್ಳಲು ಸಂಬಳವೇ ಮುಖ್ಯ ಅರ್ಹತೆ. ಯುಎಇ 2019ರಲ್ಲಿ ವೃತ್ತಿಯ ಷರತ್ತು ತೆಗೆದು, ತಿಂಗಳಿಗೆ 4,000 ದಿರ್ಹಂ, ಇಲ್ಲವೇ ವಸತಿಯೊಂದಿಗೆ 3,000 ದಿರ್ಹಂ ಆದಾಯ ನಿಗದಿಪಡಿಸಿತು. ಸೌದಿ ಅರೇಬಿಯಾ 2017ರ ಜುಲೈನಿಂದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿ, 2020ರ ಹೊತ್ತಿಗೆ 400ಕ್ಕೆ ಏರಿಸಿತು. ಸಣ್ಣ ಸಂಬಳದವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ದುಡಿಯುವುದಕ್ಕೆ ಇಂಥ ನಿಯಮಗಳೂ ಕಾರಣ.

ದಾಖಲೆಗಳು: ವೀಸಾ ಅರ್ಜಿಯ ಕಷ್ಟ ಊರಿನಲ್ಲೇ ಶುರುವಾಗುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಂಥ ಊರಿನಿಂದ ಹೊರಡುವವರಿಗೆ ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ ಇದ್ದರೆ ಸಾಲದು. ಉಪನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣಪತ್ರ ಬೇಕು. ವಿವಾಹ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ಭಾರತದ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದ್ದು 2006ರಲ್ಲಿ. ಮಕ್ಕಳಿಗೆ ಜನನ ಪ್ರಮಾಣಪತ್ರವೂ ಬೇಕು. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು 1969ರ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾಡಳಿತಕ್ಕೆ ವಹಿಸಿತು. ಹೆಸರಿನದು ಮತ್ತೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಅಕ್ಷರಗಳು ಬೀಳುತ್ತವೆ.

ಈಚಿನ ಬೆಳವಣಿಗೆ: ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಆಗಲೇ ಆರಂಭವಾಗದೆ, ಕನ್ನಡಿಗರ ಚೆನ್ನೈ, ಹೈದರಾಬಾದ್ ಪ್ರಯಾಣ ತಪ್ಪಲಿಲ್ಲ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆಯೂ ಸೇರಿಕೊಂಡಿತು.

ಉದ್ಯೋಗದ ಅನುಮತಿ ಬಂದರೂ ಎಚ್-4ರ ಮೂಲಗುಣ ಬದಲಾಗಿಲ್ಲ: ವಾಸದ ಹಕ್ಕು ಇನ್ನೊಬ್ಬರ ನೌಕರಿಗೆ ಅಂಟಿಕೊಂಡಿದೆ. ಎಚ್-1ಬಿ ನೌಕರಿ ಹೋದರೆ, 2017ರಲ್ಲಿ ಜಾರಿಗೆ ಬಂದ ನಿಯಮದಂತೆ ಇಡೀ ಕುಟುಂಬಕ್ಕೆ ಸಿಗುವ ಗಡುವು ಹೆಚ್ಚೆಂದರೆ 60 ದಿನ.